ಹತ್ತದವರ ಬೆಟ್ಟ

ನನ್ನ ಎಡಗಾಲಿಗೆ ಪೋಲಿಯೊ ಬಂದದ್ದು ನಾನಿನ್ನೂ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದಾಗ. ಹಾಗಾಗಿ ಎರಡೂ ಕಾಲಿನ ಮೇಲೆ ಸರಿಯಾಗಿ ಭಾರ ಹಾಕಿ ನಡೆದ ನೆನಪು ನನಗಿಲ್ಲ. ನೆನಪೇ ಇಲ್ಲದ್ದಕ್ಕೆ ನಾನು ಕೊರಗಲೂ ಇಲ್ಲ. ಆ ಕೆಲಸವನ್ನು ಮನೆಯವರು ವಹಿಸಿಕೊಂಡಿದ್ದರು. ಗದಗಿನಿಂದ ನಾವು ಯಾವ ಕ್ಷೇತ್ರಕ್ಕೆ ಹೋದರೂ, ಅಲ್ಲಿ ಬೆಟ್ಟವಿದ್ದರೆ, ನನ್ನನ್ನು ಬುಡದಲ್ಲಿ ಒಂದು ಕಟ್ಟೆಯ ಮೇಲೆ ಕೂರಿಸಿ, ಎಲ್ಲರ ಚಪ್ಪಲಿಗಳನ್ನು ನನ್ನ ಪಕ್ಕ ರಾಶಿ ಹಾಕಿ ಮೇಲೆ ಹೋಗುತ್ತಿದ್ದರು. ಶ್ರವಣಬೆಳಗೊಳದಲ್ಲಿ ಹಾಗೆಯೇ ಕೂತಿದ್ದೆ. ಅಂಜನಾದ್ರಿಯ ಬುಡದಲ್ಲೂ ಕೂತಿದ್ದೆ. “ಚಪ್ಪಲಿ ಕಾಯೋದೂ ಪುಣ್ಯದ ಕೆಲಸಾನವಾ” ಎಂದು ಅಜ್ಜಿ ಸಮಾಧಾನ ಹೇಳುತ್ತಿದ್ದಳು. ಇಳಿದು ಬಂದವರು ಬೆವರು ಒರೆಸಿಕೊಳ್ಳುತ್ತ, ಮೇಲೆ ಏನೇನು ಕಂಡಿತೆಂದು ವರದಿ ಒಪ್ಪಿಸುತ್ತಿದ್ದರು. ಒಬ್ಬರ ವರದಿ ಇನ್ನೊಬ್ಬರದಕ್ಕೆ ಹೊಂದುತ್ತಲೇ ಇರಲಿಲ್ಲ. ಅತ್ತೆ ಕಂಡ ಗುಡಿ ದೊಡ್ಡದು, ಚಿಕ್ಕಪ್ಪ ಕಂಡದ್ದು ಸಣ್ಣದು. ಬುಡದಲ್ಲಿ ಕೂತು ನಾನು ಕಂಡ ಬೆಟ್ಟದ ಬಗ್ಗೆ ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಮುಂದೆ ದೆಹಲಿಯಲ್ಲಿ ಚೀನೀ ಭಾಷೆ ಓದುವಾಗ ಒಂದು ಪದ ಸಿಕ್ಕಿತು. ಬೆಟ್ಟದ ಯಾತ್ರೆಗೆ ಚೀನಿಯರು ‘ಚಾವ್ ಶಾನ್’ ಎನ್ನುತ್ತಾರೆ. ಶಾನ್ ಎಂದರೆ ಬೆಟ್ಟ. ಚಾವ್ ಎಂದರೆ ಒಡ್ಡೋಲಗದಲ್ಲಿ ಅರಸನ ಮುಂದೆ ಹೋಗಿ ನಿಲ್ಲುವುದು. ಹತ್ತುವುದು ಎಂಬ ಅರ್ಥ ಆ ಪದದಲ್ಲಿ ಎಲ್ಲಿಯೂ ಇಲ್ಲ. ಅರಸನ ಮುಂದೆ ಹೋದವರು ಅವನ ಹೆಗಲೇರುವುದಿಲ್ಲವಲ್ಲ. ಆ ದಿನ ಗ್ರಂಥಾಲಯದಲ್ಲಿ ಕೂತಿದ್ದವಳು ನಿಘಂಟು ಮುಚ್ಚಿ ಒಬ್ಬಳೇ ನಕ್ಕೆ. ನಾನು ಓದಬೇಕಾದ್ದು ಇದನ್ನೇ ಎಂದು ಆಗಲೇ ತೀರ್ಮಾನವಾಯಿತು.

ಚೀನಾದ ಬೌದ್ಧರಿಗೆ ಮುಖ್ಯವಾದ ಬೆಟ್ಟಗಳು ನಾಲ್ಕು, ಒಂದೊಂದೂ ಒಬ್ಬೊಬ್ಬ ಬೋಧಿಸತ್ವನದು. ವೂತಾಯ್ ಮಂಜುಶ್ರೀಯದು, ಎಮೆಯ್ ಸಮಂತಭದ್ರನದು, ಜಿಯೂಹ್ವಾ ಕ್ಷಿತಿಗರ್ಭನದು. ಸಮುದ್ರದ ನಡುವಿನ ಪುತೋ ಅವಲೋಕಿತೇಶ್ವರನದು. ತಾವೋ ಪಂಥದವರಿಗೆ ನಾಲ್ಕು ದಿಕ್ಕಿಗೆ ನಾಲ್ಕು, ನಡುವೆ ಒಂದು, ಹೀಗೆ ಐದು ಬೆಟ್ಟಗಳು. ಅವುಗಳಲ್ಲಿ ಮೂಡಣದ ತಾಯ್ ಶಾನ್ ಎಲ್ಲಕ್ಕೂ ಹಿರಿದು. ಈ ಬೆಟ್ಟಗಳ ಹಳೆಯ ಸ್ಥಳಪುರಾಣಗಳನ್ನು ಓದಿ ಪ್ರಬಂಧ ಬರೆಯುವ ಯೋಜನೆ ಹಿಡಿದುಕೊಂಡು, ಎರಡು ಸಾವಿರದ ದಶಕದ ಮೊದಲ ವರ್ಷಗಳಲ್ಲಿ ನಾನು ಸ್ವೀಡನ್ನಿನ ಗೋಥೆನ್‌ಬರ್ಗ್‌ಗೆ ಬಂದಿಳಿದೆ.

ಆ ಊರೇ ಬಂಡೆಗಳ ಮೇಲೆ ಕೂತಿದೆ. ನನಗೆ ಸಿಕ್ಕ ಮನೆ ಒಂದು ದಿಬ್ಬದ ನೆತ್ತಿಯಲ್ಲಿತ್ತು. ಹಳೆಯ ಟ್ರಾಮ್‌ಗಳ ಮೆಟ್ಟಿಲು ಎತ್ತರ; ಚಳಿಗಾಲದಲ್ಲಿ ನೆಲವೆಲ್ಲ ಗಾಜು. ಕೊಮ್ಯೂನ್, ಅಂದರೆ ನಗರಸಭೆಯ, ಕಚೇರಿಯ ಹೆಂಗಸು ನನ್ನ ಎಡಗಾಲಿಗೆ ಆಸರೆಯಾಗಿ ಕಟ್ಟಿದ್ದ ಲೋಹದ ಕ್ಯಾಲಿಪರ್ ನೋಡಿ, ಅಯ್ಯೋ ಎನ್ನದೆ, ಕಣ್ಣು ತಗ್ಗಿಸದೆ, ಓಡಾಟಕ್ಕೆ ಕಾರಿನ ವ್ಯವಸ್ಥೆ ಮಾಡಿಕೊಟ್ಟಳು. ಅದು ನನಗೆ ಬಹಳ ಹಿಡಿಸಿತು. ಆದರೆ ಕ್ರಮೇಣ ಒಂದು ವಿಷಯ ಗಮನಕ್ಕೆ ಬಂತು. ನಮ್ಮೂರಲ್ಲಿ ಪಾಪ ಎಂದು ನನ್ನನ್ನು ಬಿಟ್ಟು ಹೋಗುತ್ತಿದ್ದರು. ಇಲ್ಲಿ ವ್ಯವಸ್ಥೆ ಮಾಡಿ ಕೂರಿಸುತ್ತಿದ್ದರು. ಎರಡೂ ಕಡೆ, ನನಗೇನು ಬೇಕು ಎಂಬ ಪ್ರಶ್ನೆ ಕೊನೆಗೆ ಬರುತ್ತಿತ್ತು.

ನನ್ನ ಪಕ್ಕದ ಕಟ್ಟಡದಲ್ಲಿ ಮಂಗಳೂರಿನವಳೊಬ್ಬಳು ಇದ್ದಳು. ಕಾರು ತಯಾರಿಸುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಕೆಲಸ, ವಾರಾಂತ್ಯ ಬಂತೆಂದರೆ ಬೆನ್ನಿಗೆ ಚೀಲ ಏರಿಸಿ ಕಾಡು ಸುತ್ತುವ ಹುಚ್ಚು. ಕನ್ನಡದವರ ಗುಂಪಿನಲ್ಲಿ ಅವಳೂ ನಾನೂ ಬೆಂಗಳೂರಿನ ಕನ್ನಡವನ್ನೇ ಆಡುತ್ತಿದ್ದೆವು. ಇಬ್ಬರೇ ಇದ್ದಾಗ ಅವಳು ಅವಳೂರಿನ ಮಾತಿಗೆ, ನಾನು ನನ್ನೂರಿನ ಮಾತಿಗೆ ವಾಪಸಾಗುತ್ತಿದ್ದೆವು. ಮೊದಲ ಸಲ ನನ್ನ ಸಂಶೋಧನೆಯ ವಿಷಯ ಕೇಳಿದಾಗ ಅವಳು ಚಹಾದ ಲೋಟ ಕೆಳಗಿಟ್ಟು, “ನೀನು ಬೆಟ್ಟದ ಮೇಲೆ ಪಿಎಚ್‌ಡಿ ಮಾಡುವುದಾ? ಒಳ್ಳೇದಾಯ್ತು ಮಾರಾಯ್ತಿ, ನಾನು ಇಷ್ಟು ಹತ್ತಿಯೂ ಒಂದು ಅಕ್ಷರ ಬರೀಲಿಲ್ಲ” ಎಂದಳು. ನನಗೆ ಅವಳು ಇಷ್ಟವಾದದ್ದು ಆ ಮಾತಿಗೆ.

ಎರಡನೆಯ ವರ್ಷದ ಕೊನೆಗೆ ವಿಭಾಗದಲ್ಲಿ ನನ್ನ ಕೆಲಸದ ಮೇಲೆ ಚರ್ಚೆ ಏರ್ಪಾಡಾಯಿತು. ಬೇರೊಂದು ವಿಶ್ವವಿದ್ಯಾಲಯದಿಂದ ಒಬ್ಬ ಪ್ರಾಧ್ಯಾಪಕರನ್ನು ಕರೆಸಿದ್ದರು. ಎತ್ತರದ ಆಳು, ಬಿಸಿಲಿಗೆ ಕಂದಿದ ಮುಖ. ಚೀನಾದ ಪವಿತ್ರ ಬೆಟ್ಟಗಳಲ್ಲಿ ಅವರು ಹತ್ತದೇ ಬಿಟ್ಟದ್ದಿರಲಿಲ್ಲ. ನನ್ನ ಅಧ್ಯಾಯಗಳನ್ನು ಅವರು ಗಮನವಿಟ್ಟು ಓದಿ ಬಂದಿದ್ದರು. ಚೀನೀ ಪದವೊಂದನ್ನು ನಾನು ತಪ್ಪಾಗಿ ಅರ್ಥ ಮಾಡಿದ್ದನ್ನು ಎತ್ತಿ ತೋರಿಸಿದರು, ಅದು ನಿಜಕ್ಕೂ ತಪ್ಪೇ ಆಗಿತ್ತು. ಕೊನೆಗೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಓದು ಬಹಳ ಚೆನ್ನಾಗಿದೆ. ಆದರೆ ಬೆಟ್ಟ ಕಾಲಿನಿಂದ ತಿಳಿಯುವಂಥದ್ದು. ಉಸಿರು ಕಟ್ಟಬೇಕು, ಮೊಣಕಾಲು ನಡುಗಬೇಕು, ಆಮೇಲೆ ಗುಡಿಯ ಬಾಗಿಲು ಕಾಣಬೇಕು. ಅದನ್ನು ಕಾಣದವರು ಈ ಪುಸ್ತಕಗಳಲ್ಲಿ ಏನನ್ನು ಓದುತ್ತಾರೆ ಎಂಬ ಅನುಮಾನ ನನಗಿದೆ.”

ಕೋಣೆಯಲ್ಲಿದ್ದವರೆಲ್ಲ ಕಾಫಿ ಲೋಟಗಳನ್ನು ನೋಡಿದರು. ನನ್ನ ದನಿ ನಡುಗಲಿಲ್ಲ, ಅದು ನನಗೆ ಚೆನ್ನಾಗಿ ನೆನಪಿದೆ.

“ಸತ್ತವರ ಬಗ್ಗೆ ಬರೆಯುವ ಇತಿಹಾಸಕಾರರು ಮೊದಲು ತಾವು ಸಾಯಬೇಕೆ?” ಎಂದೆ.

ಯಾರೂ ನಗಲಿಲ್ಲ. ಸ್ವೀಡನ್ನಿನ ಮೌನಕ್ಕೆ ಒಂದು ತೂಕವಿದೆ. ಅದನ್ನು ಎತ್ತಿ ಪಕ್ಕಕ್ಕಿಡಲು ಯಾರಾದರೂ ಒಬ್ಬರು ಮುಂದಾಗಬೇಕು. ವಿಭಾಗದ ಕಾರ್ಯದರ್ಶಿ “ಫೀಕಾ?” ಎಂದಳು; ಕಾಫಿ-ತಿಂಡಿಯ ಬಿಡುವಿಗೆ ಅಲ್ಲಿಯ ಪದ ಅದು. ಎಲ್ಲರೂ ದಾಲ್ಚಿನ್ನಿ ಬನ್ನಿನ ಕಡೆ ಎದ್ದು ಹೋದರು.

ನನ್ನ ಮಾರ್ಗದರ್ಶಕಿ ನಿವೃತ್ತಿಗೆ ಹತ್ತಿರವಿದ್ದ ಹೆಂಗಸು. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಏಕವಚನ. ಇಂಗ್ಲಿಷ್‌ನಲ್ಲಿ ಆ ತೊಂದರೆಯೇ ಇಲ್ಲ. ಆದರೂ ಮನಸ್ಸಿನೊಳಗೆ ನಾನು ಅವರನ್ನು ‘ನೀವು’ ಎಂದೇ ಮಾತಾಡಿಸುತ್ತಿದ್ದೆ. ಅವರು ನನ್ನನ್ನು ಕಿಟಕಿಯ ಹತ್ತಿರ ಕರೆದರು.

“ವಿಷಯವನ್ನು ಸ್ವಲ್ಪ ತಿರುಗಿಸಬಹುದು,” ಎಂದರು. “ಬಯಲಿನ ದೇವಾಲಯಗಳು, ನಗರದ ದೇವಾಲಯಗಳು. ಅಲ್ಲಿ ಇನ್ನೂ ಬೇಕಾದಷ್ಟು ಕೆಲಸವಿದೆ. ನಿನಗೆ ಹೋಗಿ ಬರುವುದಕ್ಕೂ ಸುಲಭ.”

“ನನ್ನ ಕಾಲಿಗೆ ತಕ್ಕ ವಿಷಯ ಹುಡುಕಬೇಡಿ,” ಎಂದೆ. “ನನ್ನ ತಲೆಗೆ ತಕ್ಕದ್ದು ಸಿಕ್ಕಿದೆ.”

“ಅವರು ಹೇಳಿದ್ದರಲ್ಲಿ ಏನೂ ಇಲ್ಲ ಎನ್ನುತ್ತೀಯಾ?”

“ಇದೆ. ಅದಕ್ಕೇ ಬಿಡುವುದಿಲ್ಲ.”

ಅವರು ಬನ್ನಿನ ತುಂಡನ್ನು ಬಹಳ ಹೊತ್ತು ಅಗಿದು, “ಸರಿ, ಹಾಗಾದರೆ ವಾದ ಕಟ್ಟು. ಕೋಪದಿಂದ ಅಧ್ಯಾಯ ಆಗುವುದಿಲ್ಲ” ಎಂದರು.

ಆ ವಸಂತದಲ್ಲಿ ಯುಗಾದಿಗೆ ಕನ್ನಡದವರೆಲ್ಲ ಒಂದು ಬಾಡಿಗೆ ಸಭಾಂಗಣದಲ್ಲಿ ಸೇರಿದ್ದೆವು. ಬೇವು ಸಿಗದೆ ಯಾರೋ ಬೆಲ್ಲದ ಜೊತೆ ಮೆಂತ್ಯ ಹಂಚಿದರು. ಬಾಳೆಲೆಯ ಬದಲು ಪೇಪರ್ ತಟ್ಟೆ ಹಿಡಿದು ನಿಂತಿದ್ದ ಬೆಂಗಳೂರಿನ ಇಂಜಿನಿಯರ್ ಒಬ್ಬರು ಬಂದು ಕುರ್ಚಿ ಎಳೆದುಕೊಂಡರು.

“ಮೇಡಂ, ತಪ್ಪು ತಿಳ್ಕೋಬೇಡಿ. ಬೆಟ್ಟ ಅಂದ್ರೆ ಫೀಲ್ಡ್‌ವರ್ಕ್ ಇರತ್ತಲ್ವಾ? ನಿಮ್ಗೆ ಹೆಂಗೆ ಮ್ಯಾನೇಜ್ ಆಗತ್ತೆ, ಪಾಪ? ಅದೂ ಚೀನಾ. ನಮ್ ತಿರುಪತಿ ಮೇಲೆ ಮಾಡಿದ್ರೆ ಬಸ್ಸೇ ಮೇಲ್ಗಡೆ ತನಕ ಹೋಗ್ತಿತ್ತು.”

“ಬಸ್ಸಲ್ಲಿ ಹೋದವರಿಗೆ ತಿಮ್ಮಪ್ಪ ದರ್ಶನ ಕೊಡಲ್ವಾ?” ಎಂದು ಕೇಳಿದೆ.

“ಕೊಡ್ತಾನೆ, ಯಾಕ್ ಕೊಡಲ್ಲ?”

“ಹಾಗಿದ್ರೆ ಚೀನಾದೋರೂ ಕೊಡ್ತಾರೆ ಬಿಡಿ.”

ಅವರು ನಕ್ಕು, ಚಿತ್ರಾನ್ನ ಚೆನ್ನಾಗಿದೆ ಎಂದು ಮಾತು ಬದಲಿಸಿದರು. ಮಂಗಳೂರಿನವಳು ದೂರದಿಂದಲೇ ನನ್ನತ್ತ ಹುಬ್ಬು ಹಾರಿಸಿದಳು. ನಿಜ ಹೇಳಬೇಕೆಂದರೆ ಆ ಇಂಜಿನಿಯರ್ ನನಗೆ ದೊಡ್ಡ ಉಪಕಾರ ಮಾಡಿದ್ದರು. ಟ್ರಾಮ್‌ನಲ್ಲಿ ಮನೆಗೆ ವಾಪಸಾಗುವಾಗ ನನ್ನದೇ ಉತ್ತರ ನನ್ನ ತಲೆಯಲ್ಲಿ ಸುತ್ತುತ್ತಿತ್ತು. ಹತ್ತದೇ ದರ್ಶನ ಪಡೆದವರು ಆ ಪುರಾಣಗಳಲ್ಲಿ ಯಾರ್‍ಯಾರಿದ್ದಾರೆ? ಈ ತನಕ ನಾನು ಅವರನ್ನು ದಾಟಿ ಓದಿಕೊಂಡು ಹೋಗಿದ್ದೆ.

ಹುಡುಕಿದರೆ ಎಲ್ಲ ಕಡೆಯೂ ಅವರಿದ್ದರು. ಒಬ್ಬ ಹಳೆಯ ಕಾಲದ ಚಿತ್ರಕಾರ, ಮುಪ್ಪು ಬಂದು ಕಾಯಿಲೆ ಹಿಡಿದ ಮೇಲೆ, ತನ್ನ ಕೋಣೆಯ ಗೋಡೆಗಳ ಮೇಲೆ ಬೆಟ್ಟಗಳನ್ನು ಬರೆದು, ಮಲಗಿದಲ್ಲಿಂದಲೇ ಅವುಗಳಲ್ಲಿ ಅಲೆದಾಡಿದ. ತಂತಿವಾದ್ಯ ನುಡಿಸಿ ಆ ಬೆಟ್ಟಗಳು ಮಾರ್ದನಿ ಕೊಡುವಂತೆ ಮಾಡುತ್ತೇನೆ ಎನ್ನುತ್ತಿದ್ದನಂತೆ. ಅವನು ಪ್ರಾಯದಲ್ಲಿ ಹತ್ತಿದ್ದವನೇ; ಆ ಪ್ರಾಧ್ಯಾಪಕರು ಅಲ್ಲಿ ನನ್ನನ್ನು ಹಿಡಿಯುತ್ತಾರೆಂದು ಗೊತ್ತಿತ್ತು. ಹಾಗಾಗಿ ಇನ್ನೂ ಮುಂದೆ ಹೋದೆ. ತಾವೋ ಪಂಥದಲ್ಲಿ ಐದು ಬೆಟ್ಟಗಳ ನಿಜರೂಪದ ನಕ್ಷೆಯೊಂದಿದೆ. ನೋಡಿದರೆ ಬೆಟ್ಟದಂತೆ ಕಾಣದ, ಸುರುಳಿ ಸುರುಳಿಯಾದ ಕಪ್ಪು ಗೆರೆಗಳು. ಅದು ಮನೆಯಲ್ಲಿದ್ದರೆ ಬೆಟ್ಟಗಳೇ ಮನೆಗೆ ಕಾವಲು. ತಾಯ್ ಶಾನ್ ಬೆಟ್ಟದ ಮೇಲಿನ ದೇವಿಗೆ ದೂರದ ಊರುಗಳಲ್ಲೆಲ್ಲ ಬಿಡಾರಗಳಿವೆ. ಅಲ್ಲಿಯ ತನಕ ಹೋಗಲಾಗದ ಹೆಂಗಸರಿಗಾಗಿ ದೇವಿಯೇ ಇಳಿದು ಬಂದು ತಂಗುವ ಗುಡಿಗಳು. ವೂತಾಯ್‌ನಲ್ಲಿಯಂತೂ ಬಹಳ ಚೆಂದದ ಕತೆಯಿದೆ. ಐದು ಶಿಖರಗಳಿಗೂ ಹೋಗಿ ಮಂಜುಶ್ರೀಯನ್ನು ಕಾಣಬೇಕೆಂದು ಹೊರಟ ಚಕ್ರವರ್ತಿಯೊಬ್ಬ ಗಾಳಿ, ಹಿಮಕ್ಕೆ ಸೋತು ಮತ್ತೆ ಮತ್ತೆ ಹಿಂದಿರುಗಿದ. ಕೊನೆಗೆ ಅಲ್ಲಿಯ ಗುರುಗಳು ಐದೂ ಶಿಖರಗಳ ಮಂಜುಶ್ರೀಯರನ್ನು ಕೆಳಗಿನ ಒಂದು ಗುಡ್ಡದ ಗುಡಿಯಲ್ಲಿ ಒಟ್ಟಿಗೆ ಕೂರಿಸಿದರು. ಇಂದಿಗೂ ಮೇಲೆ ಹೋಗಲಾಗದವರು ಅಲ್ಲಿಗೆ ಹೋದರೆ ಯಾತ್ರೆ ಮುಗಿಯಿತು. ಅದಕ್ಕೆ ಚಿಕ್ಕ ಯಾತ್ರೆ ಎಂದೇ ಹೆಸರು.

ಚಕ್ರವರ್ತಿ ಹತ್ತದಿದ್ದರೆ ಅದು ಭಕ್ತಿ, ಮುದುಕಿ ಹತ್ತದಿದ್ದರೆ ಅದು ಕೊರತೆ ಎಂದು ಯಾರು ತೀರ್ಮಾನಿಸಿದರು? ಈ ಪ್ರಶ್ನೆ ಹಿಡಿದು ನಾನು ಪ್ರಬಂಧವನ್ನು ಮೊದಲಿನಿಂದ ಬರೆದೆ. ಮಾರ್ಗದರ್ಶಕಿ ಓದಿ, “ಎಲ್ಲವನ್ನೂ ಒಪ್ಪುವುದಿಲ್ಲ. ಆದರೆ ಇದನ್ನು ಬೀಳಿಸುವುದು ಕಷ್ಟ” ಎಂದರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆ ಚಿಕ್ಕ ಯಾತ್ರೆಗೆ ಬರುವವರನ್ನು ನೋಡಿ ಮಾತಾಡಿಸಬೇಕಿತ್ತು. ಜುಲೈ ತಿಂಗಳಲ್ಲಿ ಸ್ವೀಡನ್ನಿನ ಕಂಪನಿಗಳೆಲ್ಲ ಬಾಗಿಲು ಹಾಕಿಕೊಂಡಂತೆಯೇ. “ನಾನೂ ಬರ್ತೇನೆ, ನಂಗೆ ರಜೆ ಉಂಟು” ಎಂದು ಮಂಗಳೂರಿನವಳು ಹೊರಟೇಬಿಟ್ಟಳು. ಫೋನಿನಲ್ಲಿ ಅವ್ವನಿಗೆ ಹೇಳಿದೆ.

“ಏನವಾ, ಚೀನಾಕ ಹೊಂಟಿ ಅಂತ? ಇಲ್ಲೆ ಗುಡ್ಡ ಇದ್ದಿದ್ದಿಲ್ಲೇನು?”

“ಇದ್ವು. ನೀವು ಕರ್ಕೊಂಡು ಹೋಗಲಿಲ್ಲ.”

ಅವ್ವ ಒಳಗಿದ್ದವರಿಗೆ ಒಲೆ ಆರಿಸಲು ಕೂಗಿ ಹೇಳಿದಳು. ಆಮೇಲೆ, “ಬಿಸಿನೀರು ಕುಡಿ ಅಲ್ಲೆ. ಕಾಲು ಜ್ವಾಕಿ” ಎಂದಳು.

ವೂತಾಯ್‌ನ ಆ ಗುಡ್ಡಕ್ಕೆ ಉದ್ದಕ್ಕೆ ಕಲ್ಲಿನ ಮೆಟ್ಟಿಲಿದೆ. ಬುಡದಲ್ಲಿ ಕುದುರೆಯವರು ನಿಂತಿರುತ್ತಾರೆ. ಪಕ್ಕದಲ್ಲಿ, ಹಗ್ಗದ ಮೇಲೆ ತೂಗಾಡುತ್ತ ಸಾಗುವ ಕುರ್ಚಿಗಳೂ ಇದ್ದವು. ನಾನು ಅಲ್ಲಿದ್ದಷ್ಟು ದಿನವೂ ಕುರ್ಚಿಯ ಸಾಲಿನಲ್ಲಿ, ಕುದುರೆಯ ಸಾಲಿನಲ್ಲಿ ನಿಂತವರನ್ನು ಮಾತಾಡಿಸಿದೆ. ಮೊಣಕಾಲು ನೋವಿನ ಅಜ್ಜಿಯರು, ಎದೆಯ ಆಪರೇಷನ್ ಆದ ಮೇಷ್ಟರು, ಮಗುವನ್ನು ಬೆನ್ನಿಗೆ ಕಟ್ಟಿಕೊಂಡ ತಾಯಿ. ಅವರಲ್ಲಿ ಒಬ್ಬರಾದರೂ ತಮ್ಮದು ಅರೆ ಯಾತ್ರೆ ಎಂದು ತಿಳಿದಿರಲಿಲ್ಲ. ನಾನೂ ಅವರ ಜೊತೆ ಕುರ್ಚಿಯಲ್ಲಿ ಕೂತು, ಕಾಲು ಇಳಿಬಿಟ್ಟುಕೊಂಡು, ಗಾಳಿಯಲ್ಲಿ ತೇಲಿ ಮೇಲೆ ಹೋಗಿ ಬಂದೆ. ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಹೊರಡುವ ಹಿಂದಿನ ದಿನ ಕೆಲಸ ಮುಗಿದಿತ್ತು. ಬೆಳಿಗ್ಗೆ ತಿಂಡಿ ತಿನ್ನುವಾಗ, “ಇವತ್ತು ಮೆಟ್ಟಿಲು ಹತ್ತತೇನಿ” ಎಂದೆ.

ಗೆಳತಿ ನನ್ನ ಮುಖ ನೋಡಿದಳು. “ಯಾರಿಗೆ ತೋರಿಸ್ಲಿಕ್ಕೆ?”

“ಯಾರಿಗೂ ಅಲ್ಲ. ನನಗ ಮನಸಾಗೇದ.”

“ಹಾಗಾದ್ರೆ ಹೋಗುವ,” ಎಂದಳು.

ಬಲಗಾಲು ಮೇಲಿಟ್ಟು, ಕೋಲು ಊರಿ, ಎಡಗಾಲನ್ನು ಕ್ಯಾಲಿಪರ್ ಸಮೇತ ಎಳೆದುಕೊಳ್ಳುವುದು. ಅಷ್ಟೇ ಕೆಲಸ, ಮತ್ತೆ ಮತ್ತೆ. ಸ್ವಲ್ಪ ಹೋದ ಮೇಲೆ ಮುಂದೆ ಯಾತ್ರಿಕರ ಗುಂಪೊಂದು ಕಂಡಿತು. ಅವರು ಪ್ರತಿ ಮೆಟ್ಟಿಲಿಗೂ ಮಂಡಿಯೂರಿ, ಹಣೆಯನ್ನು ಕಲ್ಲಿಗೆ ತಾಗಿಸಿ, ಎದ್ದು, ಇನ್ನೊಂದು ಮೆಟ್ಟಿಲು ಏರಿ, ಮತ್ತೆ ಮಂಡಿಯೂರುತ್ತಿದ್ದರು. ಎಲ್ಲರಿಗಿಂತ ಹಿಂದೆ ನಡುವಯಸ್ಸಿನ ಒಬ್ಬ ಹೆಂಗಸು. ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡಿದ್ದಳು. ನಾನು ಅವಳ ಹತ್ತಿರ ಬಂದೆ. ಪಕ್ಕಕ್ಕೆ ಬಂದೆ. ಅವಳನ್ನು ದಾಟಿದೆ.

ಅಲ್ಲಿಯೇ ನಿಂತುಬಿಟ್ಟೆ. ಹುಟ್ಟಿದಾಗಿನಿಂದ ಮೆಟ್ಟಿಲ ಮೇಲೆ ನಾನು ಯಾರನ್ನೂ ಹಿಂದೆ ಹಾಕಿದ್ದಿರಲಿಲ್ಲ.

“ಹಾರ್ನ್ ಹೊಡಿ ಮಾರಾಯ್ತಿ, ಮುಂದೆ ಇನ್ನೂ ಇದ್ದಾರೆ,” ಎಂದಳು ಗೆಳತಿ ಕೆಳಗಿನಿಂದ.

ನನಗೆ ನಗು ತಡೆಯಲಾಗಲಿಲ್ಲ. ಆ ಹೆಂಗಸು ತಲೆಯೆತ್ತಿ, ನನ್ನ ಕಾಲನ್ನೂ ಕೋಲನ್ನೂ ನೋಡಿ, “ನಿಧಾನ, ನಿಧಾನ” ಎಂದು ಚೀನೀಯಲ್ಲಿ ಹೇಳಿದಳು. ಅಲ್ಲಿ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಹೇಳಿ ಮತ್ತೆ ಹಣೆಯನ್ನು ಕಲ್ಲಿಗೆ ಇಟ್ಟಳು.

ಮೇಲೆ ತಲುಪುವಷ್ಟರಲ್ಲಿ ಕ್ಯಾಲಿಪರ್ ಪಟ್ಟಿ ಉಜ್ಜಿ ತೊಡೆ ಸುಲಿದಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಐವರು ಮಂಜುಶ್ರೀಯರು ಸಿಂಹಗಳ ಮೇಲೆ ಸಾಲಾಗಿ ಕೂತಿದ್ದರು. ಊದುಬತ್ತಿಯ ಹೊಗೆಯಲ್ಲಿ ಕಣ್ಣು ಉರಿಯಿತು. ಕುರ್ಚಿಯಲ್ಲಿ ಬಂದ ದಿನ ನೋಡಿದ ಅದೇ ಐವರು. ಅವರು ಅಂದಿಗಿಂತ ದೊಡ್ಡವರಾಗಿ ಕಾಣಲಿಲ್ಲ, ಹೆಚ್ಚು ಹತ್ತಿರವೂ ಆಗಲಿಲ್ಲ. ಸಂತೋಷವೇನೋ ಬಹಳ ಆಗಿತ್ತು. ಅದು ಕಾಲಿನ ಸಂತೋಷ. ನಾನು ಬರೆದ ಒಂದು ವಾಕ್ಯವನ್ನೂ ಅದು ಬದಲಿಸಲಿಲ್ಲ. ಆಚೆ ಕಟ್ಟೆಯ ಮೇಲೆ ಕೂತಿದ್ದಾಗ ಆ ಹೆಂಗಸು ಮೇಲೆ ಬಂದು, ಹಣೆಯ ಧೂಳು ಒರೆಸದೆಯೇ ನಮಗಿಬ್ಬರಿಗೂ ಸೂರ್ಯಕಾಂತಿ ಬೀಜ ಕೊಟ್ಟಳು. ಸಿಪ್ಪೆ ಉಗುಳುತ್ತ ಮೂವರೂ ಕೂತೆವು.

ವಾಪಸು ಬರುವ ವಿಮಾನದಲ್ಲಿಯೇ ಗೆಳತಿಗೆ ಹೇಳಿದೆ. “ಇದನ್ನ ನಾ ಪ್ರಬಂಧದಾಗ ಬರೆಯಂಗಿಲ್ಲ. ನೀನೂ ಯಾರಿಗೂ ಹೇಳಬ್ಯಾಡ.”

“ಮಂಡೆ ಸಮ ಇಲ್ವಾ ನಿಂಗೆ? ಎಂತಕ್ಕೆ?”

“ಬರೆದ್ರ ಎಲ್ಲಾರೂ ಆ ಒಂದು ಪುಟ ಓದಿ ಶಭಾಷ್ ಅಂತಾರ. ಉಳಿದದ್ದು ಯಾರೂ ಓದಂಗಿಲ್ಲ.”

ಅವಳು ಕಿಟಕಿಯ ಕಡೆ ತಿರುಗಿ ಮಲಗಿದಳು.

ಸ್ವೀಡನ್ನಿನಲ್ಲಿ ಒಂದು ಪದ್ಧತಿಯಿದೆ. ಪ್ರಬಂಧ ಅಚ್ಚಾದ ಮೇಲೆ, ಮೌಖಿಕ ಪರೀಕ್ಷೆಗೆ ಕೆಲವು ವಾರ ಮೊದಲು, ಅದರ ಪ್ರತಿಯೊಂದನ್ನು ಬರೆದವರೇ ಹಲಗೆಗೆ ಮೊಳೆ ಹೊಡೆದು ತೂಗುಹಾಕಬೇಕು, ಯಾರು ಬೇಕಾದರೂ ಓದಿ ಪ್ರಶ್ನೆ ಎತ್ತಲಿ ಎಂದು. ನಾನು ಗೋಡೆಗೆ ಹೆಗಲು ಕೊಟ್ಟು, ಕೋಲನ್ನು ಮಾರ್ಗದರ್ಶಕಿಯ ಕೈಗೆ ಕೊಟ್ಟು, ಸುತ್ತಿಗೆ ಹಿಡಿದೆ. ಮೊದಲ ಮೊಳೆ ಸೊಟ್ಟಗಾಯಿತು. ಎರಡನೆಯದು ನೆಟ್ಟಗೆ ಇಳಿಯಿತು.

ಪರೀಕ್ಷೆಯ ದಿನ ತೀರ್ಪು ಕೊಡುವ ಸಮಿತಿಯಲ್ಲಿ ಆ ಎತ್ತರದ ಪ್ರಾಧ್ಯಾಪಕರೂ ಇದ್ದರು. ಪ್ರಬಂಧವನ್ನು ಪ್ರಶ್ನಿಸಲೆಂದೇ ಎದುರಾಳಿಯಾಗಿ ಬಂದಿದ್ದ ವಿದುಷಿ ಬೆಳಗಿನಿಂದ ನನ್ನನ್ನು ಚೆನ್ನಾಗಿಯೇ ಅರೆದಿದ್ದಳು. ಬಳಿಕ ಸಮಿತಿಯ ಸರದಿ. ಪ್ರಾಧ್ಯಾಪಕರು ಕನ್ನಡಕ ತೆಗೆದರು.

“ನನ್ನದು ಸರಳವಾದ ಪ್ರಶ್ನೆ. ಈ ವರ್ಷಗಳಲ್ಲಿ ನೀವು ಇವುಗಳಲ್ಲಿ ಯಾವುದಾದರೂ ಬೆಟ್ಟವನ್ನು ಹತ್ತಿದಿರಾ?”

ಹಿಂದಿನ ಸಾಲಿನಲ್ಲಿ ಗೆಳತಿ ಕೂತಿದ್ದಳು. ಸೀರೆ ಉಟ್ಟು ಬಂದಿದ್ದಳು. ಅವಳು ಮುಂದಕ್ಕೆ ಬಾಗಿದ್ದು ಕಂಡಿತು. ಒಂದೇ ಪದ ಹೇಳಿದ್ದರೆ ಆ ಸಭೆ ಚಪ್ಪಾಳೆ ತಟ್ಟುತ್ತಿತ್ತೋ ಏನೋ.

“ನಾನು ಹತ್ತಿದ್ದರೆ ನನ್ನ ವಾದ ಹೆಚ್ಚು ನಿಜವಾಗುತ್ತದೆಯೆ?” ಎಂದೆ. “ಹತ್ತದಿದ್ದರೆ ಸುಳ್ಳಾಗುತ್ತದೆಯೆ? ಇಲ್ಲ ಎನ್ನುವುದಾದರೆ ನನ್ನ ಉತ್ತರ ನಿಮಗೆ ಬೇಕಿಲ್ಲ. ಹೌದು ಎನ್ನುವುದಾದರೆ ನೀವು ಪರೀಕ್ಷಿಸುತ್ತಿರುವುದು ನನ್ನ ಕಾಲನ್ನು. ಅದನ್ನು ನಾನು ಪರೀಕ್ಷೆಗೆ ಸಲ್ಲಿಸಿಲ್ಲ.”

ಮತ್ತೆ ಆ ಮೌನ. ಈ ಸಲ ಅದನ್ನು ಎತ್ತಿಡಲು ನಾನು ಯಾರಿಗೂ ಕಾಯಲಿಲ್ಲ; ನೀರು ಕುಡಿದು, “ಮುಂದಿನ ಪ್ರಶ್ನೆಯಿದ್ದರೆ ಕೇಳಬಹುದು” ಎಂದೆ. ಅವರು ಚಕ್ರವರ್ತಿಯ ಕತೆಯ ಪಾಠಾಂತರಗಳ ಬಗ್ಗೆ ಕೇಳಿದರು, ಬಹಳ ಒಳ್ಳೆಯ ಪ್ರಶ್ನೆ ಅದು. ಉತ್ತರಿಸಲು ಒದ್ದಾಡಿದೆ.

ಸಮಿತಿ ಒಳಗೆ ಹೋಗಿ, ನಮಗೆಲ್ಲ ಬೇಸರವಾಗುವಷ್ಟು ಹೊತ್ತು ಕೂತು, ಹೊರಗೆ ಬಂದು ತೇರ್ಗಡೆ ಎಂದಿತು. ಆ ಪ್ರಾಧ್ಯಾಪಕರು ಕೈಕುಲುಕುವಾಗ, “ನಿಮ್ಮ ಉತ್ತರ ನನಗೆ ಇಷ್ಟವಾಗಲಿಲ್ಲ” ಎಂದರು. ಒಂದು ಕ್ಷಣ ಬಿಟ್ಟು, “ಆದರೆ ಅದಕ್ಕೆ ಮರುಉತ್ತರವೂ ನನ್ನ ಹತ್ತಿರ ಇರಲಿಲ್ಲ” ಎಂದು ಸೇರಿಸಿದರು. ನಾನು ವಂದನೆ ಹೇಳಿದೆ. ಅದಕ್ಕಿಂತ ಹೆಚ್ಚಿನ ಸಲುಗೆ ನಮ್ಮ ನಡುವೆ ಆಗಲೂ ಬೆಳೆಯಲಿಲ್ಲ, ಆಮೇಲೂ ಬೆಳೆಯಲಿಲ್ಲ.

ಸಂಜೆಯ ಊಟಕ್ಕೆ ಗೆಳತಿ ಬಿಸಿಬೇಳೆಬಾತು ಮಾಡಿ ತಂದಿದ್ದಳು. ಮಾರ್ಗದರ್ಶಕಿ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎರಡು ಸಲ ಬಡಿಸಿಕೊಂಡರು. ಎಲ್ಲರೂ ಹೋದ ಮೇಲೆ, ಬಾಡಿಗೆಯ ಕೋಣೆಯನ್ನು ನಾವೇ ಗುಡಿಸಿ ಒರೆಸಿ ಬಿಡಬೇಕಿತ್ತು. ನಾನು ಮೇಜು ಒರೆಸುತ್ತಿದ್ದೆ, ಅವಳು ಕುರ್ಚಿಗಳನ್ನು ಪೇರಿಸುತ್ತಿದ್ದಳು.

“ಹೇಳಿದ್ರೆ ಎಂತ ಆಗ್ತಿತ್ತು ನಿಂಗೆ?” ಎಂದಳು, ನನ್ನ ಕಡೆ ನೋಡದೆ. “ಅವರ ಮೋರೆ ಒಮ್ಮೆ ನೋಡ್ಬೇಕಿತ್ತು ನಂಗೆ.”

“ನನಗೂ ನೋಡಬೇಕನಸ್ತು.”

“ಮತ್ತೆ?”

“ಅಂವಾ ಗೆದ್ದಂಗ ಆಗ್ತಿತ್ತು.”

“ಅದೇ ನಂಗೆ ಅರ್ಥ ಆಗುದಿಲ್ಲ,” ಎಂದು ಅವಳು ಕೊನೆಯ ಕುರ್ಚಿಯನ್ನು ದಡಕ್ಕನೆ ಇಟ್ಟಳು. “ಹತ್ತಿದ್ದು ನೀನು, ಗೆಲ್ಲುದು ಅವ ಹೇಗೆ?”

ಅವಳಿಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಭೇಟಿಯಾದಾಗಲೆಲ್ಲ ಈ ಜಗಳ ಒಂದು ಸುತ್ತು ನಡೆಯುತ್ತದೆ, ಚಹಾ ಆರುವ ತನಕ. ಇದನ್ನೆಲ್ಲ ಈಗ ಬರೆಯುತ್ತಿದ್ದೇನೆ ಎಂದು ಹೇಳಿದ್ದಕ್ಕೆ ಇನ್ನೂ ಸಿಟ್ಟಾದಳು; ಬರೆಯುವುದೇ ಆಗಿದ್ದರೆ ಆವತ್ತೇ ಹೇಳಬಹುದಿತ್ತಂತೆ. ಆವತ್ತು ಕೇಳಿದವರಿಗೆ ಕೇಳುವ ಹಕ್ಕಿರಲಿಲ್ಲ ಎಂದೆ. ಇವತ್ತು ಯಾರೂ ಕೇಳಿಲ್ಲ, ಹಾಗಾಗಿ ಹೇಳುತ್ತಿದ್ದೇನೆ.